ಇಪ್ಪತ್ನಾಲ್ಕು ಕುದುರೆ, ಇಪ್ಪತ್ಮೂರು ಬಾಲ

ಭಾನುವಾರ ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷಕ್ಕೆ, ಊಟದ ತಟ್ಟೆಗಳು ಇನ್ನೂ ಒಣಗಿರದ ಹೊತ್ತಿನಲ್ಲಿ, ಒಂದು ಮಹಾ ವಿಪತ್ತು ಸಂಭವಿಸಿತು. ಯುದ್ಧಕ್ಕೆ ಹೊರಟಿದ್ದ ಸೈನ್ಯವೊಂದರ ಏಳನೆಯ ಕುದುರೆಯ ಬಾಲ ಮುರಿದುಹೋಯಿತು.

ಚರಿತ್ರೆಯ ಪುಸ್ತಕಗಳಲ್ಲಿ ಇಂಥದ್ದನ್ನು ಬರೆದಿಡುವ ಪದ್ಧತಿ ಇಲ್ಲ. ರಾಜ ಸತ್ತರೆ ಬರೆಯುತ್ತಾರೆ, ಕೋಟೆ ಬಿದ್ದರೆ ಬರೆಯುತ್ತಾರೆ, ಬಾಲ ಬಿದ್ದರೆ ಯಾರೂ ಬರೆಯುವುದಿಲ್ಲ. ಆದ್ದರಿಂದ ಇಲ್ಲಿ ಬರೆಯಬೇಕಾಗಿದೆ.

ಕುದುರೆ ಹೆಬ್ಬೆರಳಿನಷ್ಟು ಎತ್ತರ. ಬಾಲ ಒಂದು ಅಕ್ಕಿಕಾಳಿನಷ್ಟು ಉದ್ದ. ಬೆನ್ನ ಮೇಲಿನ ಸವಾರ ಬಿಲ್ಲು ಎಳೆದು, ಸೊಂಟ ತಿರುಗಿಸಿ, ಹಿಂದಕ್ಕೆ ನೋಡುತ್ತಿದ್ದ. ನನ್ನ ಕುದುರೆಯ ಬಾಲ ಎಲ್ಲಿ ಹೋಯಿತು ಎಂದು ಹುಡುಕುವವನ ಹಾಗೆ. ಆ ಸೈನ್ಯದ ಇಪ್ಪತ್ನಾಲ್ಕು ಸವಾರರೂ ಹೀಗೆ ಹಿಂದಕ್ಕೇ ನೋಡುತ್ತಿದ್ದರು. ಯಾಕೆ ಎಂದು ಗಡಿಬಿಡಿ ಯಾವತ್ತೂ ಕೇಳಿರಲಿಲ್ಲ. ಸ್ನೇಹಿತರು ಬರುತ್ತಿದ್ದಾರೋ ಇಲ್ಲವೋ ನೋಡುತ್ತಿರಬಹುದು ಎಂದುಕೊಂಡಿದ್ದಳು.

ಬಾಲ ಮುರಿದವಳು ಈ ಗಡಿಬಿಡಿಯೇ. ಅವಳಿಗೆ ಬೇರೆ ಹೆಸರೂ ಇತ್ತು. ಶಾಲೆಯ ಹಾಜರಿ ಪುಸ್ತಕದಲ್ಲಿ ಅದು ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು ಓಡುವವಳನ್ನು, ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ಕೈ ಎತ್ತುವವಳನ್ನು ಆ ಹೆಸರಿನಿಂದ ಕರೆಯಲು ಮನೆಯಲ್ಲಿ ಯಾರಿಗೂ ಬಾಯಿ ಬರುತ್ತಿರಲಿಲ್ಲ. ಸೈನ್ಯವನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕು ಎಂದು ಅತ್ತೆ ಹೇಳಿದ್ದಳು. ಗಡಿಬಿಡಿ ಪೂರ್ತಿ ತುಂಬುವ ಮೊದಲೇ ಮುಚ್ಚಳ ಹಾಕಿದ್ದಳು.

“ಅತ್ತೆ, ಒಂದು ವಿಷಯ ಹೇಳ್ತೀನಿ. ಬೈಬಾರದು.”

“ಏನು ಮುರೀತು?” ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಅತ್ತೆ ಕೇಳಿದಳು.

“ಬಾಲ.”

“ಯಾರದು?”

“ಹೆಡ್‌ಮಿಸ್ ರೈನ್‌ಕೋಟ್‌ದು.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅತ್ತೆ ಟೈಲರ್. ಅಂಗಡಿ ಮನೆಯ ಮುಂದಿನ ಕೋಣೆಯಲ್ಲಿಯೇ ಇತ್ತು. ತನ್ನ ಕುದುರೆ ಸವಾರರಿಗೆಲ್ಲ ಅವಳೇ ಕೂದಲೆಳೆಯಂಥ ಬ್ರಷ್ಷಿನಲ್ಲಿ ಬಣ್ಣ ಹಚ್ಚಿದ್ದಳು. ಒಬ್ಬೊಬ್ಬನ ನಿಲುವಂಗಿಗೂ ಅಂಗಡಿಗೆ ಬಂದ ಒಂದೊಂದು ಬಟ್ಟೆಯ ಬಣ್ಣ. ಒಬ್ಬ ಬ್ಯಾಂಕಿನವರ ಪರದೆಯ ನೀಲಿ, ಒಬ್ಬ ಪೋಸ್ಟ್‌ಮ್ಯಾನ್ ಚೀಲದ ಖಾಕಿ. ಏಳನೆಯವನು ಹೆಡ್‌ಮಿಸ್‌ರ ರೈನ್‌ಕೋಟಿನ ನೇರಳೆ.

ಗಡಿಬಿಡಿ ಯಂತ್ರದ ಕೆಳಗೆ ನುಸುಳಿ ಬಾಲಕ್ಕಾಗಿ ಹುಡುಕಿದಳು. ನೂಲಿನ ಚೂರು ಸಿಕ್ಕಿತು, ಮುರಿದ ಸೂಜಿ ಸಿಕ್ಕಿತು, ಹೋದ ವರ್ಷ ಕಳೆದ ರಬ್ಬರ್ ಸಿಕ್ಕಿತು. ಬಾಲ ಸಿಗಲಿಲ್ಲ.

“ಏಳು, ಹೊತ್ತಾಯ್ತು,” ಎಂದಳು ಅತ್ತೆ.

“ಬಾಲ ಇಲ್ಲದೆ ಹೇಗೆ?”

“ಬಾಲದಿಂದ ಯಾರು ಬಾಣ ಬಿಡ್ತಾರೆ? ಭಾರ ಕಮ್ಮಿ ಆಯ್ತು, ಇನ್ನೂ ಚೆನ್ನಾಗಿ ಓಡತ್ತೆ.”

ಓಡತ್ತೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಗಡಿಬಿಡಿಯ ಮುಖ ಹುಳ್ಳಗಾಯಿತು. ಅದಕ್ಕೆ ಕಾರಣ ಶುಕ್ರವಾರದ ಊಟದ ಬ್ರೇಕ್.

ಶುಕ್ರವಾರ ಕ್ಲಾಸಿನ ಲೀಡರ್ ತನ್ನ ಡಬ್ಬಿಯ ಮುಚ್ಚಳ ತೆಗೆಯುತ್ತ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ್ದ: “ಭಾನುವಾರ ನಮ್ಮಪ್ಪಂಗೂ ಇವಳತ್ತೆಗೂ ಫೈನಲ್. ಇವಳತ್ತೆ ಸೈನ್ಯ ಯಾವಾಗಲೂ ಓಡ್ತಾನೇ ಇರತ್ತಂತೆ. ಕಾಲಿಗೆ ಬುದ್ಧಿ ಹೇಳೋದೊಂದೇ ಗೊತ್ತಂತೆ ಅದಕ್ಕೆ.”

ಲೀಡರ್‌ನ ಅಪ್ಪ ಹಲ್ಲಿನ ಡಾಕ್ಟರು. ಅವರದ್ದು ತಲೆಯಿಂದ ಕಾಲಿನವರೆಗೆ ಕಬ್ಬಿಣದ ಕವಚ ತೊಟ್ಟ, ಉದ್ದ ಈಟಿ ಹಿಡಿದ ಸವಾರರ ಸೈನ್ಯ. ಮೂರು ವರ್ಷದಿಂದ ಅದೇ ಗೆದ್ದಿತ್ತು. ಗೆದ್ದ ಸೈನ್ಯವನ್ನು ಶಾಲೆಯ ದಾರಿಯಲ್ಲಿದ್ದ ಸೈಕಲ್ ಶಾಪಿನ ಗಾಜಿನ ಕಪಾಟಿನಲ್ಲಿ ಒಂದು ವರ್ಷ ಇಡುತ್ತಿದ್ದರು. ಮೂರು ವರ್ಷದಿಂದ ಗಡಿಬಿಡಿ ದಿನಕ್ಕೆರಡು ಸಲ ಆ ಕವಚಗಳ ಮುಂದೆಯೇ ಹಾದುಹೋಗುತ್ತಿದ್ದಳು.

“ನಮ್ಮತ್ತೆ ಓಡಲ್ಲ,” ಎಂದಿದ್ದಳು.

“ಓಡ್ತಾರೆ.”

“ಒಂದು ಇಂಚೂ ಹಿಂದೆ ಹೋಗಲ್ಲ. ಬೇಕಾದ್ರೆ ಬೆಟ್.”

“ಹೋದ್ರೆ?”

“ಹೋದ್ರೆ ಒಂದು ವಾರ ನಿನ್ನ ನೀರಿನ ಬಾಟ್ಲಿ ನಾನು ತುಂಬಿಸ್ಕೊಂಡು ಬರ್ತೀನಿ.”

ಮಾತು ಬಾಯಿಂದ ಹೊರಬಿದ್ದ ಮೇಲೆ ಎರಡು ಸಂಗತಿ ಅವಳಿಗೆ ನೆನಪಾದವು. ಒಂದು, ಕ್ಲಾಸು ಮೂರನೇ ಮಹಡಿಯಲ್ಲಿ, ನಲ್ಲಿ ಇರುವುದು ಕೆಳಗೆ ಆಟದ ಮೈದಾನದ ಪಕ್ಕದಲ್ಲಿ. ಎರಡು, ಅತ್ತೆ ಆಡುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಈ ಬೊಂಬೆ ಸೈನ್ಯಗಳ ಆಟ ನಡೆಯುವ ಕ್ಲಬ್ಬಿಗೆ ಹತ್ತು ವರ್ಷ ತುಂಬದವರನ್ನು ಬಿಡುತ್ತಿರಲಿಲ್ಲ. ಅವಳಿಗೆ ಹತ್ತು ತುಂಬಿ ಆಗಿದ್ದದ್ದು ಹನ್ನೆರಡು ದಿನ.

ದಾರಿಯಲ್ಲಿ ಅವಳು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಅತ್ತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ನಡೆದಳು. ಟೇಪು ಆಟಕ್ಕೆ ಬೇಕಿರಲಿಲ್ಲ. ಅಂಗಡಿಯಲ್ಲಿ ಕೆಲಸ ಮಾಡುವಾಗ ಅದು ಕೊರಳಲ್ಲಿರಬೇಕು ಎಂಬುದು ಗಡಿಬಿಡಿಯದೇ ನಿಯಮ. ತೆಗೆಯಲು ಮರೆತಿದ್ದಳು.

“ಅತ್ತೆ, ಇವತ್ತು ಹಿಂದೆ ಹೋಗಬೇಡ, ಆಯ್ತಾ?”

“ಯಾಕೆ?”

“ಸುಮ್ನೆ. ಚೆನ್ನಾಗಿರಲ್ಲ.”

ಅತ್ತೆ ಅವಳನ್ನು ಒಂದು ಸಲ ನೋಡಿದಳು. ಕಾಲರ್ ಓರೆಯಾದ ಅಂಗಿಯನ್ನು ನೋಡುವ ನೋಟ ಅದು.

ಕ್ಲಬ್ ಇದ್ದದ್ದು ಸೈಕಲ್ ಶಾಪಿನ ಮೇಲಿನ ಹಾಲಿನಲ್ಲಿ. ಮರದ ಮೆಟ್ಟಿಲು, ಟಯರಿನ ವಾಸನೆ, ಒಂದೇ ಕಿಟಕಿ. ನಡುವೆ ದೊಡ್ಡ ಟೇಬಲ್ಲು. ಅದರ ಮೇಲೆ ಹಸಿರು ಬಟ್ಟೆ ಹಾಸಿ, ಬಟ್ಟೆಯ ಕೆಳಗೆ ಹಳೆಯ ಡಿಕ್ಷನರಿಗಳನ್ನು ಇಟ್ಟು ಗುಡ್ಡ ಮಾಡಿದ್ದರು. ಅಂಪೈರ್ ಶಾಪಿನ ಯಜಮಾನರೇ. ಮಕ್ಕಳೆಲ್ಲ ಅವರನ್ನು ಸೈಕಲ್ ತಾತ ಎನ್ನುತ್ತಿದ್ದರು. ಕೈಯ ಗ್ರೀಸ್ ಒರೆಸಿಕೊಂಡು, ಟೇಬಲ್ಲಿನ ಬದಿಯ ಕುರ್ಚಿಯಲ್ಲಿ ಎರಡು ಮರದ ಕೋಲುಗಳನ್ನಿಟ್ಟುಕೊಂಡು ಅವರು ಕೂತಿದ್ದರು.

“ಹೊಸಬರು ಬಂದಿದ್ದಾರೆ, ನಿಯಮ ಹೇಳಿಬಿಡ್ತೀನಿ,” ಎಂದು ತಾತ ಗಡಿಬಿಡಿಯ ಕಡೆ ತಿರುಗಿದರು. “ಕವಚದವರು ನುಗ್ಗಿದರೆ ಒಂಬತ್ತು ಇಂಚು. ಇದು ಗಿಡ್ಡ ಕೋಲು. ಬಿಲ್ಲುಗಾರರ ಬಾಣ ಹತ್ತು ಇಂಚು. ಇದು ಉದ್ದದ ಕೋಲು. ಬಾಣ ಬಿಡ್ತೀನಿ, ನುಗ್ತೀನಿ ಅಂತ ಮೊದಲು ಬಾಯಲ್ಲಿ ಹೇಳಬೇಕು. ಆಮೇಲೆ ನಾನು ಕೋಲು ಇಡ್ತೀನಿ. ಮುಟ್ಟಿದ್ರೆ ಮುಟ್ತು, ಇಲ್ಲದಿದ್ರೆ ಇಲ್ಲ. ಅದಕ್ಕೆ ಮೊದಲು ಯಾರೂ ಅಳೆಯೋ ಹಾಗಿಲ್ಲ. ಕಣ್ಣಂದಾಜು ಮಾತ್ರ.”

“ಕವಚದವರು ಮುಟ್ಟಿದ್ರೆ?”

“ಬಿಲ್ಲುಗಾರರ ಕತೆ ಮುಗೀತು. ಮುಟ್ಟದಿದ್ರೆ ಓಡಿ ಓಡಿ ಸುಸ್ತು. ಸುಸ್ತಾದವರ ಮೇಲೆ ಒಂದು ಗುಂಡಿ ಇಡ್ತೀವಿ. ಗುಂಡಿ ಇದ್ದವರು ಮುಂದಿನ ಸಲ ನುಗ್ಗೋ ಹಾಗಿಲ್ಲ. ಬಿಲ್ಲುಗಾರರು ಒಂದೇ ಸರದಿಯಲ್ಲಿ ಸವಾರಿನೂ ಮಾಡಬಹುದು, ಬಾಣನೂ ಬಿಡಬಹುದು. ನಾಲ್ಕು ಗಂಟೆಗೆ ಯಾರ ಕುದುರೆ ಹೆಚ್ಚು ಉಳಿದಿರತ್ತೋ ಅವರು ಗೆದ್ದ ಹಾಗೆ.”

ಸುಸ್ತಿನ ಗುಂಡಿಗಳು ಅತ್ತೆಯ ಅಂಗಡಿಯವು. ಬಿಳಿ ಅಂಗಿಯ ಗುಂಡಿಗಳು.

ಹಲ್ಲಿನ ಡಾಕ್ಟರು ಆಗಲೇ ತಮ್ಮ ಸೈನ್ಯ ನಿಲ್ಲಿಸಿಯಾಗಿತ್ತು. ಎಂಟೆಂಟರ ಮೂರು ಗುಂಪು. ಬೆಳ್ಳಿಯ ಹಾಗೆ ಹೊಳೆಯುವ ಕವಚ, ಗಾಳಿಗೆ ಹಾರುತ್ತಿರುವಂತೆ ಮಾಡಿದ ಬಾವುಟ. ಅತ್ತೆಯದು ಆರಾರರ ನಾಲ್ಕು ಗುಂಪು, ಒಂದೊಂದು ಗುಂಪೂ ಒಂದೊಂದು ರಟ್ಟಿನ ಮೇಲೆ.

“ಟೈಲರ್ ಮೇಡಂ,” ಎಂದರು ಡಾಕ್ಟರು, “ನಿಮ್ಮದೊಂದು ಕುದುರೆಗೆ ಬಾಲ ಇಲ್ಲವಲ್ಲ.”

“ಕಿತ್ತುಹಾಕಿದೀವಿ ಡಾಕ್ಟ್ರೇ. ನೋಯ್ತಿತ್ತು.”

ಡಾಕ್ಟರು ಮನಸಾರೆ ನಕ್ಕರು. ಅವರು ಒಳ್ಳೆಯ ಮನುಷ್ಯರೇ. ಗಡಿಬಿಡಿಯ ಎರಡು ಹಲ್ಲು ಕಿತ್ತವರು ಅವರೇ, ಎರಡು ಸಲವೂ ನೋಯುವುದಿಲ್ಲ ಎಂದು ಸುಳ್ಳು ಹೇಳಿದ್ದರು.

ಆಟ ಶುರುವಾಯಿತು. ಕವಚದವರು ಮುಂದೆ ಬಂದರು. ಬಿಲ್ಲುಗಾರರೂ ಮುಂದೆ ಹೋದರು. ಗಡಿಬಿಡಿ, ಅಪ್ಪನ ಕುರ್ಚಿಯ ಹಿಂದೆ ನಿಂತಿದ್ದ ಲೀಡರ್ ಕಡೆ ನೋಡಿ ಹುಬ್ಬು ಹಾರಿಸಿದಳು. ಅತ್ತೆ ಮೊದಲನೇ ಗುಂಪಿನ ರಟ್ಟನ್ನು ಮೆಲ್ಲಗೆ ತಳ್ಳಿ, ನಿಲ್ಲಿಸಿ, “ಬಾಣ,” ಎಂದಳು. ತಾತ ಉದ್ದದ ಕೋಲು ಇಟ್ಟರು. ಮುಟ್ಟಿತು. ಆರು ದಾಳ ಉರುಳಿದವು. ಆರು ಬಿದ್ದರೆ ಮಾತ್ರ ಕವಚದೊಳಗೆ ಬಾಣ ತೂರಿದ ಹಾಗೆ. ಒಂದು ಆರು ಬಿತ್ತು. ಒಬ್ಬ ಕವಚದವನು ಟೇಬಲ್ಲಿನಿಂದ ಕೆಳಗಿಳಿದ.

“ನುಗ್ಗಿ,” ಎಂದರು ಡಾಕ್ಟರು, ತಮ್ಮ ಕುರ್ಚಿಯನ್ನೇ ಮುಂದಕ್ಕೆ ಎಳೆದುಕೊಂಡು.

ತಾತ ಗಿಡ್ಡ ಕೋಲು ಇಟ್ಟರು. ಕೋಲಿನ ತುದಿಗೂ ಅತ್ತೆಯ ಕುದುರೆಗಳ ಮೂತಿಗೂ ನಡುವೆ ಅರ್ಧ ಇಂಚು ಉಳಿಯಿತು.

“ಇಲ್ಲ,” ಎಂದರು ತಾತ. ಸುಸ್ತಾದ ಗುಂಪಿನ ಮೇಲೆ ಒಂದು ಗುಂಡಿ ಬಿತ್ತು.

ಈಗ ಅತ್ತೆಯ ಸರದಿ. ಶತ್ರುಗಳು ಮೂಗಿನ ಮುಂದೆಯೇ ಏದುಸಿರು ಬಿಡುತ್ತ ನಿಂತಿದ್ದರು. ಈಗ ಮೇಲೆ ಬೀಳಬೇಕು, ಗಡಿಬಿಡಿಯಾಗಿದ್ದರೆ ಖಂಡಿತ ಬೀಳುತ್ತಿದ್ದಳು. ಅತ್ತೆ ಏನು ಮಾಡಿದಳೆಂದರೆ, ಕುದುರೆಗಳ ಬೆನ್ನು ಶತ್ರುವಿನ ಕಡೆ ಬರುವ ಹಾಗೆ ರಟ್ಟನ್ನು ತಿರುಗಿಸಿ, ಸೊಗಸಾಗಿ, ನಿಧಾನವಾಗಿ, ಎಲ್ಲರೂ ನೋಡುತ್ತಿರುವಂತೆಯೇ ಹಿಂದಕ್ಕೆ ಎಳೆದಳು.

ಲೀಡರ್ ತನ್ನ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದ. ಉಳಿದಿದ್ದ ಎರಡು ಗುಟುಕು ಕುಡಿದು, ಖಾಲಿ ಬಾಟಲಿಯನ್ನು ತಲೆಕೆಳಗು ಮಾಡಿ ಗಡಿಬಿಡಿಗೆ ತೋರಿಸಿದ. ಅವಳು ಡಿಕ್ಷನರಿ ಗುಡ್ಡದ ಕಡೆ ನೋಡುತ್ತ ನಿಂತಳು.

“ಬಾಣ,” ಎಂದಳು ಅತ್ತೆ.

ಆಗ ಗಡಿಬಿಡಿ ತಿರುಗಿ ನೋಡಿದಳು. ಸವಾರರು ಹಿಂದೆ ಹೋಗುತ್ತಿದ್ದರು, ಆದರೆ ಅವರ ಮುಖ, ಕೈ, ಬಿಲ್ಲು ಎಲ್ಲವೂ ಶತ್ರುವಿನ ಕಡೆಗೇ ಇದ್ದವು. ಓಡುತ್ತಲೇ ಬಾಣ ಬಿಡುತ್ತಿದ್ದರು. ಅದಕ್ಕೇ ಅವರೆಲ್ಲ ಸೊಂಟ ತಿರುಗಿಸಿ ಕೂತಿದ್ದರು. ಎಷ್ಟೋ ವರ್ಷದಿಂದ ಶೆಲ್ಫಿನ ಮೇಲೆ ಧೂಳು ಒರೆಸಿ ಇಟ್ಟ ಬೊಂಬೆಗಳು ಏನು ಮಾಡುತ್ತಿದ್ದವು ಎಂದು ಅವಳಿಗೆ ಈಗ ಗೊತ್ತಾಯಿತು.

ತಾತ ಉದ್ದದ ಕೋಲು ಇಟ್ಟರು. ಮುಟ್ಟಿತು. ಇನ್ನೊಬ್ಬ ಕವಚದವನು ಇಳಿದ.

ಮತ್ತೆ ಡಾಕ್ಟರು ನುಗ್ಗಿದರು, ಈ ಸಲ ನಡುವಿನ ಗುಂಪಿನಿಂದ. ಮತ್ತೆ ಗಿಡ್ಡ ಕೋಲು ಮುಟ್ಟಲಿಲ್ಲ. ಕಾಲು ಇಂಚು. ಮತ್ತೆ ಅತ್ತೆ ಹಿಂದೆ ಹೋದಳು, ಮತ್ತೆ ಬಾಣ ಮುಟ್ಟಿತು. ಬಿಳಿ ಗುಂಡಿಗಳು ಕವಚದ ತಲೆಗಳ ಮೇಲೆ ಬೀಳುತ್ತಲೇ ಇದ್ದವು.

ಗಡಿಬಿಡಿ ತಾತನ ಕುರ್ಚಿಯ ಬಳಿ ಹೋಗಿ ನಿಂತಳು. ಎರಡು ಕೋಲುಗಳೂ ಅಕ್ಕಪಕ್ಕ ಮಲಗಿದ್ದವು. ಉದ್ದದ್ದು ಗಿಡ್ಡದ್ದಕ್ಕಿಂತ ಒಂದೇ ಒಂದು ಇಂಚು ಮುಂದಿತ್ತು. ಒಂದು ಕೋಟಿನ ಗುಂಡಿಯಷ್ಟು ಅಗಲ. ಆ ಒಂದು ಇಂಚಿನೊಳಗೆ ನಿಂತರೆ ನಮ್ಮ ಬಾಣ ಅವರನ್ನು ಮುಟ್ಟುತ್ತದೆ, ಅವರ ಈಟಿ ನಮ್ಮನ್ನು ಮುಟ್ಟುವುದಿಲ್ಲ. ಆಚೆ ಹೋದರೆ ಬಾಣ ದಂಡ, ಈಚೆ ಬಂದರೆ ಪ್ರಾಣ ದಂಡ. ಅತ್ತೆಯ ಇಪ್ಪತ್ನಾಲ್ಕು ಕುದುರೆಗಳೂ ಅಷ್ಟು ದೊಡ್ಡ ಟೇಬಲ್ಲಿನಲ್ಲಿ ಆ ಒಂದು ಇಂಚಿನ ಓಣಿಯಲ್ಲಿಯೇ ವಾಸವಾಗಿದ್ದವು.

ಅದೂ ಟೇಪಿಲ್ಲದೆ, ಕೋಲಿಲ್ಲದೆ, ಬರೀ ಕಣ್ಣಿನಲ್ಲಿ.

“ಮೇಡಂ, ನಿಮ್ಮ ಕಣ್ಣೊಳಗೆ ಟೇಪ್ ಇಟ್ಟುಕೊಂಡಿದೀರಾ?” ಎಂದರು ಡಾಕ್ಟರು. ಅವರ ಹಣೆಯ ಮೇಲೆ ಬೆವರು ಮೂಡಿತ್ತು.

“ಇಪ್ಪತ್ತು ವರ್ಷ ಗುಂಡಿ ಹೊಲಿದಿದೀನಿ ಡಾಕ್ಟ್ರೇ,” ಎಂದಳು ಅತ್ತೆ. “ಅದೇ ಕೆಲಸ ಇದು.”

ಗಡಿಬಿಡಿಗೆ ಸಂಜೆಗಳು ನೆನಪಾದವು. ಶಾಲೆಯಿಂದ ಬಂದು ಯೂನಿಫಾರ್ಮ್ ಅಂಗಿಗಳ ಮೇಲೆ ಸೀಮೆಸುಣ್ಣದಲ್ಲಿ ಗುಂಡಿಯ ಜಾಗ ಗುರುತು ಮಾಡುವುದು ಅವಳ ಕೆಲಸ. ಮೂರು ಇಂಚಿಗೊಂದು ಗುಂಡಿ. ಟೇಪು ಕೊರಳಲ್ಲಿದ್ದರೂ ಅತ್ತೆ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. “ಕಣ್ಣಲ್ಲಿ ಹಾಕು. ತಪ್ಪಾದ್ರೆ ಒರೆಸೋಣ,” ಎನ್ನುತ್ತಿದ್ದಳು. ಮೊದಮೊದಲು ಗುಂಡಿಗಳು ಬಸ್ಸಿಗೆ ಕಾಯುವ ಜನರ ಹಾಗೆ ಎಲ್ಲೆಲ್ಲೋ ನಿಲ್ಲುತ್ತಿದ್ದವು. ಈಗ ಸಾಲಾಗಿ ನಿಲ್ಲುತ್ತಿದ್ದವು.

ಮೂರು ಗಂಟೆ ದಾಟಿತು. ಡಾಕ್ಟರು ನಾಲ್ವರನ್ನು ಕಳೆದುಕೊಂಡಿದ್ದರು. ಅತ್ತೆ ಒಬ್ಬನನ್ನೂ ಕಳೆದುಕೊಂಡಿರಲಿಲ್ಲ. ಆದರೆ ಟೇಬಲ್ಲು ಎಷ್ಟು ದೊಡ್ಡದಾದರೂ ಅದಕ್ಕೊಂದು ಅಂಚಿರುತ್ತದೆ. ಹಿಂದೆ ಹಿಂದೆ ಹೋಗುತ್ತ ಎರಡನೇ ಗುಂಪು ಮೂಲೆ ಸೇರಿತ್ತು. ಅದರಲ್ಲಿಯೇ ನೇರಳೆ ಸವಾರ, ಅವನ ಬಾಲವಿಲ್ಲದ ಕುದುರೆ. ಹಿಂದೆ ಎರಡು ಬೆರಳಗಲ ಹಸಿರು ಬಟ್ಟೆ, ಅದರಾಚೆ ನೆಲ.

“ಟೇಬಲ್ ಮುಗೀತು,” ಎಂದ ಲೀಡರ್. “ಇನ್ನೆಲ್ಲಿಗೆ ಕಂಬಿ ಕೀಳ್ತಾರೆ?”

ಡಾಕ್ಟರು ಈ ಸಲ ನುಗ್ಗಲಿಲ್ಲ. ಎರಡು ಗುಂಪುಗಳನ್ನು ಮೆಲ್ಲಗೆ, ಜೋಪಾನವಾಗಿ ಆ ಮೂಲೆಯ ಕಡೆ ತಂದು ನಿಲ್ಲಿಸಿ, ಕೈ ಕಟ್ಟಿ ಕೂತರು.

ಅತ್ತೆಯ ಸರದಿ. ಅವಳು ಟೇಬಲ್ಲಿನ ಆ ಬದಿಯಲ್ಲಿ ಗಲ್ಲಕ್ಕೆ ಕೈ ಕೊಟ್ಟು ಯೋಚಿಸುತ್ತಿದ್ದಳು. ಗಡಿಬಿಡಿ ಈ ಬದಿಯಲ್ಲಿ, ಮೂಲೆಯ ಪಕ್ಕದಲ್ಲಿಯೇ ಇದ್ದಳು. ಒಂಬತ್ತು ಇಂಚು ಇದೆಯಾ, ಇಲ್ಲವಾ? ಇದ್ದರೆ ಸರಿ. ಇಲ್ಲದಿದ್ದರೆ ನೇರಳೆಯವನ ಗತಿಯೇನು? ಮಧ್ಯಾಹ್ನದಿಂದ ಅವನಿಗೆ ಆದದ್ದು ಸಾಲದೆ?

ಕೈ ತಾನಾಗಿಯೇ ಕೊರಳಿಗೆ ಹೋಯಿತು. ಟೇಪು ಸರ್ರನೆ ಇಳಿಯಿತು. ಒಂದು ತುದಿ ಬಾಲವಿಲ್ಲದ ಕುದುರೆಯ ಹಿಂಬದಿಗೆ, ಇನ್ನೊಂದು ಈಟಿಯ ಮೊನೆಗೆ. ಎಂಟೂ ಕಾಲು.

ಕೆಳಗೆ ಶಾಪಿನಲ್ಲಿ ಯಾರೋ ಸೈಕಲ್ ಚಕ್ರ ತಿರುಗಿಸುತ್ತಿದ್ದ ಸದ್ದು ಕೇಳುತ್ತಿತ್ತು.

“ಅಳತೆ ಆಯ್ತು,” ಎಂದರು ತಾತ. “ಹೇಳೋ ಮೊದಲು ಅಳೆದ್ರೆ ದಂಡ. ಆ ಗುಂಪು ಈ ಸರದಿಯಲ್ಲಿ ಅಲ್ಲಾಡೋ ಹಾಗಿಲ್ಲ, ಬಾಣ ಬಿಡೋ ಹಾಗಿಲ್ಲ.”

“ನಾನು ಆಡ್ತಾ ಇಲ್ಲ ತಾತ. ನಾನು ಸುಮ್ನೆ ನೋಡೋಕೆ ಬಂದವಳು.”

“ಟೇಪು ಯಾರದು?”

“ಅತ್ತೆದು.”

“ಮುಗೀತು.”

“ಬಿಡಿ ಯಜಮಾನ್ರೇ,” ಎಂದರು ಡಾಕ್ಟರು. “ಚಿಕ್ಕ ಹುಡುಗಿ. ಗೊತ್ತಾಗದೆ ಮಾಡಿದಾಳೆ. ನನ್ನದೇನೂ ತಕರಾರಿಲ್ಲ.”

ಅತ್ತೆ ತಲೆ ಅಲ್ಲಾಡಿಸಿದಳು. “ಬೇಡ ಡಾಕ್ಟ್ರೇ. ತೋಳು ಗಿಡ್ಡ ಹೊಲಿದ್ರೆ ಗೊತ್ತಾಗದೆ ಹೊಲಿದೆ ಅಂತ ಗಿರಾಕಿ ಹಾಕ್ಕೊಳ್ತಾರಾ? ದಂಡ ಅಂದ್ರೆ ದಂಡ. ಆ ಗುಂಪು ನಿಂತಿರಲಿ.”

ಬೈದಿದ್ದರೆ ವಾಸಿ ಇತ್ತು. ಅತ್ತೆ ಬೈಯಲಿಲ್ಲ. ಮೂಲೆಯ ಗುಂಪಿನ ಕಡೆ ಮತ್ತೆ ತಿರುಗಿಯೂ ನೋಡದೆ, ಉಳಿದ ಮೂರು ಗುಂಪುಗಳನ್ನು ಒಂದೊಂದಾಗಿ ಎತ್ತಿ, ದೂರದಿಂದ ಬಳಸಿಕೊಂಡು, ಕವಚದವರ ಬೆನ್ನ ಹಿಂದೆ ಕೊಂಡುಹೋಗತೊಡಗಿದಳು. ಗಡಿಬಿಡಿ ಟೇಪನ್ನು ಸುರುಳಿ ಸುತ್ತಿ ಜೇಬಿನಲ್ಲಿಟ್ಟು ಗೋಡೆಗೆ ಒರಗಿದಳು.

ಆ ಸರದಿಯಲ್ಲಿ ಇಡೀ ಟೇಬಲ್ಲಿನಲ್ಲಿ ಒಂದು ಇಂಚೂ ಹಿಂದೆ ಹೋಗದೆ ನಿಂತಿದ್ದ ಗುಂಪು ಅದೊಂದೇ. ಶುಕ್ರವಾರ ಅವಳು ಕ್ಲಾಸಿನಲ್ಲಿ ಹೇಳಿದ ಹಾಗೆಯೇ.

ಡಾಕ್ಟರು ಎರಡು ಗುಂಪುಗಳನ್ನೂ ಒಟ್ಟಿಗೆ ನುಗ್ಗಿಸಿದರು. ಈ ಸಲ ಗಿಡ್ಡ ಕೋಲು ಮುಟ್ಟಿತು. ಒಬ್ಬೊಬ್ಬರಾಗಿ ಆರು ಮಂದಿಯೂ ಟೇಬಲ್ಲಿನಿಂದ ಇಳಿದರು. ಕೊನೆಗೆ ಇಳಿದವನು ನೇರಳೆಯವನು. ಡಾಕ್ಟರೇ ಅವನನ್ನು ಎರಡು ಬೆರಳಲ್ಲಿ ಎತ್ತಿ, ನೋಯದ ಹಾಗೆ ಡಬ್ಬಿಯಲ್ಲಿಟ್ಟರು.

“ಇವರೂ ದಣಿದರು,” ಎಂದು ತಾತ ಗೆದ್ದ ಎರಡು ಗುಂಪುಗಳ ಮೇಲೂ ಒಂದೊಂದು ಗುಂಡಿ ಇಟ್ಟರು. ಗಡಿಯಾರ ನೋಡಿದರು. “ಇಬ್ಬರಿಗೂ ಒಂದೊಂದು ಸರದಿ. ಅಷ್ಟೇ.”

ಲೆಕ್ಕ ಹೀಗಿತ್ತು: ಅತ್ತೆ ಕಳೆದುಕೊಂಡದ್ದು ಆರು, ಡಾಕ್ಟರು ನಾಲ್ಕು.

ಅತ್ತೆಯ ಒಂದು ಗುಂಪು ದಣಿದವರ ಬೆನ್ನಿಗೆ ಬಾಣ ಬಿಟ್ಟಿತು. ಒಂದು ಆರು ಬಿತ್ತು. ಇನ್ನೊಂದು ಗುಂಪು ಬಿಟ್ಟಿತು. ಅದಕ್ಕೂ ಒಂದು ಆರು. ಆರಕ್ಕೆ ಆರು, ಸಮ. ಉಳಿದದ್ದು ಬಳಸಿಕೊಂಡು ಹೋಗುವಾಗ ಗುಡ್ಡದ ಹಿಂದೆ ನಿಂತಿದ್ದ ಗುಂಪೊಂದೇ. ಅದರ ಎದುರಿಗೆ ಡಾಕ್ಟರ ಮೂರನೆಯ ಗುಂಪು, ಗುಂಡಿಯಿಲ್ಲದೆ, ದಣಿವಿಲ್ಲದೆ ಕಾಯುತ್ತಿತ್ತು. ದೂರ ನಿಂತರೆ ಬಾಣ ಮುಟ್ಟುವುದಿಲ್ಲ. ಹತ್ತಿರ ಹೋದರೆ ಡಾಕ್ಟರ ಕೊನೆಯ ಸರದಿಯಲ್ಲಿ ಆರೂ ಮಂದಿ ಗೋವಿಂದ.

ಅತ್ತೆ ರಟ್ಟಿನ ಮೇಲೆ ಬೆರಳಿಟ್ಟು, ಕತ್ತು ಉದ್ದ ಮಾಡಿ ನೋಡಿದಳು. ಡಿಕ್ಷನರಿ ಗುಡ್ಡ ಅಡ್ಡ ಬರುತ್ತಿತ್ತು.

“ಇಲ್ಲಿಂದ ಓರೆಯಾಗಿ ಕಾಣತ್ತೆ,” ಎಂದಳು. “ಏ ಗಡಿಬಿ​ಡಿ, ನಿನಗೆ ಆ ಕಡೆಯಿಂದ ನೇರ ಕಾಣತ್ತಲ್ಲ. ನಾನು ತಳ್ತಾ ಬರ್ತೀನಿ. ಎಲ್ಲಿ ನಿಲ್ಲಿಸಬೇಕೋ ಹೇಳು.”

“ಹಾಗೆ ಹೇಳಬಹುದಾ?” ಎಂದ ಲೀಡರ್. “ಅವಳು ಆಡ್ತಾ ಇಲ್ಲ ಅಂದಳಲ್ಲ.”

ತಾತ ಗಲ್ಲ ಕೆರೆದುಕೊಂಡರು. ಗಲ್ಲಕ್ಕೆ ಸ್ವಲ್ಪ ಗ್ರೀಸ್ ಹತ್ತಿತು. “ದಂಡ ಹಾಕುವಾಗ ಅವಳನ್ನ ತಂಡದವಳು ಅಂತ ಲೆಕ್ಕಕ್ಕೆ ತಗೊಂಡೆ. ಈಗ ಅಲ್ಲ ಅನ್ನೋಕಾಗಲ್ಲ. ಹೇಳಬಹುದು.”

ಗಡಿಬಿಡಿ ಟೇಬಲ್ಲಿನ ಅಂಚಿಗೆ ಬಂದು, ಕಣ್ಣು ಕುದುರೆಗಳ ಮಟ್ಟಕ್ಕೆ ಬರುವ ಹಾಗೆ ಬಗ್ಗಿದಳು. ಜೇಬಿನಲ್ಲಿ ಟೇಪು ಭಾರವಾಗಿತ್ತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ರಟ್ಟು ಜರುಗತೊಡಗಿತು.

ಅವಳು ಹಸಿರು ಬಟ್ಟೆಯನ್ನು ಅಂಗಿ ಎಂದುಕೊಂಡಳು. ಕವಚದವರ ಈಟಿಯ ತುದಿಯಲ್ಲಿ ಮೊದಲ ಗುಂಡಿ. ಅಲ್ಲಿಂದ ಮೂರು ಇಂಚಿಗೆ ಎರಡನೆಯದು. ಮೂರನೆಯದು. ನಾಲ್ಕನೆಯದು. ಅಲ್ಲಿಗೆ ಒಂಬತ್ತು. ಅದರಾಚೆ ಒಂದು ಕೋಟಿನ ಗುಂಡಿ. ಕುದುರೆಗಳ ಮೂತಿ ಆ ಕೋಟಿನ ಗುಂಡಿಯ ಮೇಲೆ ಬರಬೇಕು.

ನಾಲಿಗೆಯ ತುದಿಗೆ “ಸಾಕು” ಬಂದೇಬಿಟ್ಟಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು. ಇನ್ನೂ ಇಲ್ಲ. ರಟ್ಟು ಜರುಗಿತು. ಇನ್ನೂ ಇಲ್ಲ. ಇನ್ನೊಂದು ಚೂರು.

“ಸಾಕು.”

ಅತ್ತೆ ಕೈ ತೆಗೆದಳು. ಕೈ ತೆಗೆದ ಮೇಲೆ ಮತ್ತೆ ಮುಟ್ಟುವ ಹಾಗಿಲ್ಲ. “ಬಾಣ,” ಎಂದಳು.

ಉದ್ದದ ಕೋಲು ಇಳಿಯಿತು. ಮುಟ್ಟಿತು, ಆದರೆ ಹೌದೋ ಅಲ್ಲವೋ ಎನ್ನುವಷ್ಟು. ತಾತ ಕನ್ನಡಕ ಹಾಕಿಕೊಂಡು ನೋಡಿ, ಹೌದು ಎಂದರು. ಆರು ದಾಳ ಉರುಳಿದವು. ಎರಡು, ಒಂದು, ಐದು, ಐದು, ಮೂರು. ಆರನೆಯ ದಾಳ ಗುಡ್ಡ ಹತ್ತಿ, ಜಾರಿ, ಟೇಬಲ್ಲಿನ ಅಂಚಿನಲ್ಲಿಟ್ಟಿದ್ದ ಅತ್ತೆಯ ಕತ್ತರಿ ಚೀಲಕ್ಕೆ ತಾಗಿ ನಿಂತಿತು. ಆರು.

ಡಾಕ್ಟರು ಏಳನೆಯ ಕವಚದವನನ್ನು ಕೆಳಗಿಳಿಸಿದರು. ಉಳಿದವರ ಕಡೆ ನೋಡಿದರು. ಅತ್ತೆಯ ಗುಂಪಿನ ಕಡೆ ನೋಡಿದರು. ಕೊನೆಗೆ ಗಡಿಬಿಡಿಯ ಕಡೆ ನೋಡಿದರು.

“ನುಗ್ತೀನಿ,” ಎಂದರು. “ಬೇರೇನು ಮಾಡಲಿ?”

ಗಿಡ್ಡ ಕೋಲು ಇಳಿಯಿತು. ಕೋಲಿನ ತುದಿಗೂ ಕುದುರೆಯ ಮೂತಿಗೂ ನಡುವೆ ಹಸಿರು ಬಟ್ಟೆ ಕಂಡಿತು. ತಾತ ಅದರ ಮೇಲೆ ಒಂದು ಅಂಗಿ ಗುಂಡಿ ಇಟ್ಟು ನೋಡಿದರು. ಗುಂಡಿ ಹಿಡಿಸಿ ಇನ್ನೂ ಜಾಗ ಉಳಿಯಿತು.

“ಇಲ್ಲ,” ಎಂದರು ತಾತ.

ಡಾಕ್ಟರು ಎದ್ದುನಿಂತು ಅತ್ತೆಯ ಕೈ ಕುಲುಕಿದರು. ಆಮೇಲೆ ಟೇಬಲ್ಲು ಸುತ್ತಿಕೊಂಡು ಬಂದು ಗಡಿಬಿಡಿಯ ಕೈಯನ್ನೂ ಕುಲುಕಿದರು. ಹಲ್ಲು ಕೀಳುವಾಗ ಹಿಡಿಯುವ ಹಾಗಲ್ಲ, ದೊಡ್ಡವರಿಗೆ ಕೊಡುವ ಹಾಗೆ.

ಮನೆಗೆ ಹೋಗುವ ದಾರಿಯಲ್ಲಿ ಡಬ್ಬಿ ಅವರ ಬಳಿ ಇರಲಿಲ್ಲ. ಸೈನ್ಯ ಸೈಕಲ್ ಶಾಪಿನಲ್ಲೇ ಉಳಿದಿತ್ತು. ಗಡಿಬಿಡಿ ಯಾವತ್ತೂ ಇಲ್ಲದಷ್ಟು ನಿಧಾನವಾಗಿ ನಡೆಯುತ್ತಿದ್ದಳು.

“ಅತ್ತೆ, ಅವರು ಅಷ್ಟು ಹತ್ತಿರ ಬಂದಾಗ ನಿನಗೆ ಹೆದರಿಕೆ ಆಗಲ್ವಾ?”

“ಆಗತ್ತೆ.”

“ಮತ್ತೆ?”

“ಮತ್ತೇನು, ಎಷ್ಟು ದೂರ ಇದಾರೆ ಅಂತ ನೋಡ್ತೀನಿ,” ಎಂದಳು ಅತ್ತೆ. “ಆ ಬಾಲಕ್ಕೆ ಕಪ್ಪು ದಾರದಲ್ಲಿ ಏನಾದರೂ ಮಾಡಬೇಕು.”

“ಬೇಡ,” ಎಂದಳು ಗಡಿಬಿಡಿ. “ಹಾಗೇ ಇರಲಿ.”

ಸೋಮವಾರ ಬೆಳಿಗ್ಗೆ ಲೀಡರ್ ಕ್ಲಾಸಿನ ಬಾಗಿಲಲ್ಲೇ ಕಾಯುತ್ತಿದ್ದ. ಕೈಯಲ್ಲಿ ಬಾಟಲಿ ಇರಲಿಲ್ಲ. “ಗೆದ್ರಲ್ಲ, ಬೆಟ್ ಬೇಡ ಬಿಡು,” ಎಂದ.

“ನಾನು ಬೆಟ್ ಕಟ್ಟಿದ್ದು ಗೆಲ್ತಾರೆ ಅಂತ ಅಲ್ಲ. ಹಿಂದೆ ಹೋಗಲ್ಲ ಅಂತ.”

“ಎಷ್ಟು ಸಲ ಹೋದ್ರು?”

“ಒಂಬತ್ತು ಸಲ. ಎಣಿಸಿದೀನಿ. ಒಂಬತ್ತು ಸಲನೂ ನಿಮ್ಮಪ್ಪಂಗೆ ಸಿಗಲಿಲ್ಲ. ಸಿಕ್ಕಿದ್ದು ಒಂದೇ ಸಲ, ನಾನು ನಿಲ್ಲಿಸಿದಾಗ.” ಅವಳು ಕೈ ಚಾಚಿದಳು. “ಬಾಟ್ಲಿ ಕೊಡು.”

ಸೈಕಲ್ ಶಾಪಿನ ಗಾಜಿನ ಕಪಾಟಿನಲ್ಲಿ ಆ ವರ್ಷ ಇಪ್ಪತ್ನಾಲ್ಕು ಕುದುರೆಗಳೂ ಇಪ್ಪತ್ಮೂರು ಬಾಲಗಳೂ ಇದ್ದವು. ಲೀಡರ್‌ನ ಬಾಟಲಿಯನ್ನು ಶುಕ್ರವಾರದವರೆಗೆ ಗಡಿಬಿಡಿಯೇ ತುಂಬಿಸಿದಳು.